ಕೊಡ ಸರಿಸೋ ಆಟ

ಆಗ ನನಗ ಎಪ್ಪತ್ತೊಂದು. ಅದಾಗಿ ಎರಡು ವರ್ಷ ಆತು. ಆ ವಯಸ್ಸಿನಾಗ ನನ್ನ ವಾರಿಗಿಯವರು ಮೊಣಕಾಲು ತೋರಸಾಕ ದವಾಖಾನಿಗೆ ಹೊಂಟಿದ್ರು. ನಾ ಯುನಿವರ್ಸಿಟಿಗೆ ಹೊಂಟಿದ್ದೆ.

ಸುಳ್ಳಲ್ಲ. ಕೊರಳಾಗ ಫೋಟೋದ ಕಾರ್ಡ್ ಹಾಕ್ಕೊಂಡು, ಬೆಂಚಿನ ಮ್ಯಾಲೆ ಕುಂತು, ಆಟ ಹೆಂಗ ಕಟ್ಟಬೇಕು ಅನ್ನೋದನ್ನ ನಾಕು ತಿಂಗಳು ಕಲಿತೆ. ಅದಕ್ಕೂ ಮೊದಲು ನನ್ನ ಸಾಲಿ ಮೂರನೇ ಇಯತ್ತೆಕ್ಕ ಮುಗದಿತ್ತು. ನಾಕನೇದಕ್ಕ ಬ್ಯಾರೆ ಮಾಸ್ತರ ಬಂದ್ರು, ಅವರಿಗೂ ನನಗೂ ಹೊಂದಲಿಲ್ಲ, ಬಿಟ್ಟೆ. ಅಕ್ಷರ ಬರತಾವ. ಒತ್ತಕ್ಷರ ಕಂಡ್ರ ಮಾತ್ರ ಸಿಟ್ಟು ಬರತೈತಿ. ಇದರಾಗ ಒತ್ತು ಎಲ್ಲೆರೆ ಸರಿಯಾಗಿ ಬಿದ್ದಿದ್ರ ಅದು ತಿದ್ದಿದವರ ಕೆಲಸ.

ನನ್ನ ಮನಿ ಉಣಕಲ್ಲಿನಾಗ. ಮುಂದಿನ ಕೋಣಿ ಬಾಡಿಗಿಗೆ ಕೊಡತೇನಿ. ಆ ವರ್ಷ ತುಮಕೂರ ಕಡೆಯ ಹುಡುಗಿ ಒಬ್ಬಾಕಿ ಬಂದಿದ್ಲು. ಹಲ್ಲಿಗೆ ತಂತಿ, ಕಣ್ಣಿಗೆ ಚಾಳೀಸು, ಬೆನ್ನಿಗೆ ಆಕಿಗಿಂತ ದೊಡ್ಡ ಚೀಲ. ಹುಡುಗಿ ಕೆಟ್ಟಾಕಿ ಅಲ್ಲ. ಒಂದ ದೋಷ, ಸುಳ್ಳು ಹೇಳಾಕ ಬರತಿದ್ದಿಲ್ಲ. ನನ್ನ ಅಡಗಿಮನಿಯಿಂದ ಒಂದು ಚಿಟಿಕಿ ಉಪ್ಪು ತಗೊಂಡ್ರೂ ಬಂದು ಹೇಳಾಕಿ. ‘ಅಜ್ಜಿ, ಉಪ್ಪು ತಗೊಂಡೆ.’ ಮಧ್ಯಾಹ್ನ ಮಲಗಿದಾಕಿನ್ನ ಎಬ್ಬಿಸಿ ಹೇಳಾಕಿ.

ಬಂದ ದಿನಾನ ಕೇಳಿದ್ದೆ, “ಏನ್ ಓದತೀಯವಾ?”

“ಗೇಮ್ ಡಿಸೈನ್ ಅಜ್ಜಿ. ಎಕ್ಸ್‌ಪೆರಿಮೆಂಟಲ್.”

“ಹಂಗಂದ್ರ?”

“ಆಟಗಳನ್ನ ಮಾಡೋದು. ಇದುವರೆಗೂ ಯಾರೂ ಆಡಿರಬಾರದು, ಅಂಥ ಆಟ.”

“ಯಾರೂ ಆಡಲಾರದ ಆಟ ಮಾಡಾಕ ಯುನಿವರ್ಸಿಟಿ ಬೇಕೇನು? ನನ್ನ ಗಂಡ ಕಟ್ಟಿ ಮ್ಯಾಲೆ ಕುಂತ ಮಾಡತಿದ್ದ.”

ಆಕಿ ನಗಲಿಲ್ಲ. ಪುಸ್ತಕದಾಗ ಬರಕೊಂಡ್ಲು.

ದೀಪಾವಳಿ ಆದ ಮ್ಯಾಲೆ ಒಂದು ದಿನ ನನ್ನ ಮುಂದ ಬಂದು ನಿಂತ್ಲು. ಮಾರಿ ಸಣ್ಣದು ಮಾಡಿದ್ಲು. ಅವರ ಕ್ಲಾಸಿನಾಗ ಒಂದು ವಿಷಯ ಐತಂತ. ಅದರಾಗ ಒಬ್ಬೊಬ್ಬರೂ ಅರವತ್ತು ದಾಟಿದ ಒಬ್ಬರನ್ನ ಜೊತೆಗಾರರು ಅಂತ ಕರಕೊಂಡು ಬರಬೇಕು. ಕಂಪ್ಯೂಟರಿನ ಆಟ ಎಂದೂ ಆಡಿರಬಾರದು ಅಂಥವರು. ಇಬ್ಬರೂ ಕೂಡಿ ಕ್ಲಾಸಿಗೆ ಹೋಗಿ ಒಂದು ಹೊಸಾ ಆಟ ಕಟ್ಟಬೇಕು. ಕಡೀಕ ಪರೀಕ್ಷೆ. ಹೊರಗಿನವರು ಆರು ಮಂದಿ ಬಂದು ಆ ಆಟ ಆಡತಾರ. ಒಂದಾಟ ಮುಗದ ಮ್ಯಾಲೆ, ಯಾರೂ ಹೇಳಲಾರದ, ತಾವಾಗೇ ಇನ್ನೊಂದಾಟಕ್ಕ ಕುಂತ್ರ ಪಾಸ್. ಎದ್ದು ಹೋದ್ರ ನಾಪಾಸ್.

“ಇಷ್ಟ?” ಅಂದೆ.

“ಹೋದ ವರ್ಷ ನಾನು ಫೇಲ್ ಆದೆ ಅಜ್ಜಿ. ಈ ಸಲವೂ ಫೇಲ್ ಆದ್ರೆ ಕೋರ್ಸಿಂದಾನೇ ತೆಗೆದುಹಾಕ್ತಾರೆ. ಎರಡೇ ಸಲ ಅವಕಾಶ.”

“ಹೋದ ವರ್ಷ ಎಂಥಾ ಆಟ ಮಾಡಿದ್ದಿ? ತೋರಸು.”

ತೋರಿಸಿದ್ಲು. ಎಲ್ಲಾರೂ ಕೂಡಿ ಒಂದು ಗಿಡಕ್ಕ ನೀರು ಹಾಕೋದು. ಗಿಡ ಬೆಳೀತೈತಿ. ಯಾರೂ ಸೋಲೂದಿಲ್ಲ, ಯಾರೂ ಗೆಲ್ಲೂದಿಲ್ಲ, ಎಲ್ಲಾರಿಗೂ ಒಂದೊಂದು ಹೂವು. ನಾ ಎರಡನೇ ಹೂವಿಗೆ ನಿದ್ದಿ ಹೋದೆ.

ಎಚ್ಚರಾದ ಮ್ಯಾಲೆ ಹೇಳಿದೆ, “ನಾ ಬರತೇನಿ. ಆದ್ರ ನಳಾ ಬರೋ ದಿನ ಕೊಡ ನೀ ಹೊರಬೇಕು. ನನ್ನ ಸೊಂಟ ಮುಗದೈತಿ.”

ಆಕಿ ಒಪ್ಪಿದ್ಲು. ಹಿಂಗ ನಾ ಯುನಿವರ್ಸಿಟಿ ಸೇರಿದೆ.

ಕಾರ್ಡ್ ಕೈಗೆ ಬಂದ ದಿನ ಸೀದಾ ಕೇಶ್ವಾಪುರಕ್ಕ ಹೋದೆ. ಅಲ್ಲಿ ನನ್ನ ನಾದಿನಿ ಇರತಾಳ. ಆಕಿ ಬಿ.ಎ. ನನ್ನ ಮದಿವ್ಯಾದಾಗಿಂದ ನಲವತ್ತೆಂಟು ವರ್ಷ ಆ ಬಿ.ಎ. ನನ್ನ ತಲಿ ಮ್ಯಾಲೆ ಕುಟ್ಟಿದಾಕಿ. ಕಾರ್ಡ್ ಸೆರಗಿನ ಮ್ಯಾಲೆ ಕಾಣೋ ಹಂಗ ಬಿಟ್ಟು ಸೋಫಾದಾಗ ಕುಂತೆ. ಆಕಿ ಚಹಾ ತಂದ್ಲು, ನೋಡಿದ್ಲು, ನೋಡಲಿಲ್ಲದಂಗ ಮಾಡಿದ್ಲು. ಮತ್ತ ನೋಡಿದ್ಲು.

“ಏನದು ವೈನಿ, ಕೊರಳಾಗ?”

“ಯುನಿವರ್ಸಿಟೀದು.”

“ಕಸಾ ಹೊಡಿಯೋ ಕೆಲಸೇನು?”

“ಓದಾಕತ್ತೇನಿ. ನಿಂದು ಯಾವ ಡಿಗ್ರೀನ ನಮ್ಮವ್ವ, ಬಿ.ಎ. ಅಲ್ಲಾ? ನಂದು ಅದಕ್ಕಿಂತ ಮ್ಯಾಲಿಂದು.”

ಆಕಿ ಚಹಾಕ್ಕ ಸಕ್ಕರಿ ಹಾಕೂದನ್ನ ಮರತಿದ್ಲು. ಹಂಗ ಕುಡದು ಬಂದೆ. ಅಷ್ಟು ಸಿಹಿ ಚಹಾ ನಾ ಮತ್ತೆಂದೂ ಕುಡದಿಲ್ಲ.

ಕ್ಲಾಸು ವಾರಕ್ಕ ಎರಡು ದಿನ. ಉಣಕಲ್ಲಿಂದ ಧಾರವಾಡದ ಕಡೆ ಹೋಗೋ ಬಸ್ ಹಿಡದು ಹೋಗತಿದ್ದಿವಿ. ನಮ್ಮಂಥ ಮುದುಕ ಮುದುಕೇರು ಒಂಬತ್ತು ಮಂದಿ ಇದ್ವಿ. ಒಬ್ಬ ಅಜ್ಜ ಹಾಜರಿ ಕೂಗೋದರೊಳಗ ಮಲಗತಿದ್ದ. ಮಾಸ್ತರ ಕೂದಲಾ ಹಿಂದ ಗಂಟು ಹಾಕಿದ್ದ. ನನ್ನ ಮಗನಕಿಂತ ಸಣ್ಣಾಂವ, ಅದಕ್ಕ ಏಕವಚನದಾಗ ಬರಿಯಾಕತ್ತೇನಿ. ಮೊದಲ ದಿನ ಆಂವ ಕೇಳಿದ ಪ್ರಶ್ನೆ, “ಆಟ ಅಂದ್ರ ಏನು?”

ಹುಡುಗರು ದೊಡ್ಡ ದೊಡ್ಡ ಮಾತು ಹೇಳಿದ್ರು. ನನ್ನ ಕಡೆ ತಿರುಗಿ, “ಅಜ್ಜಿ, ನೀವು ಹೇಳ್ರಿ” ಅಂದ.

“ಮಾಡೋ ಕೆಲಸ ಬಿಟ್ಟು ಮಾಡೋದು.”

ಅದನ್ನ ಬೋರ್ಡಿನ ಮ್ಯಾಲೆ ಬರದ. ನನಗ ಹಾಸ್ಯ ಮಾಡಾಕತ್ತಾನ ಅಂತ ತಿಳಕೊಂಡು ಒಂದು ವಾರ ಆಂವನ ಜೋಡಿ ಮಾತಾಡಲಿಲ್ಲ.

ಮತ್ತೊಂದು ದಿನ ಕಣ್ಣಿಗೆ ಒಂದು ಡಬ್ಬಿ ಕಟ್ಟಿದ್ರು. ಅದರಾಗ ಸಮುದ್ರ. ತೆರಿ ಬಂತು ನೋಡ್ರಿ, ನಾ ಸೀರಿ ಮೊಣಕಾಲಿನ ಮಟ ಎತ್ತಿದೆ. ಕ್ಲಾಸೆಲ್ಲಾ ನಕ್ಕಿತು. ಸೀರಿ ಇಳಕಲ್ಲಿಂದು, ತೋಯ್ದ್ರ ಇವರು ಕೊಡಸತಾರೇನು? ಒಬ್ಬ ಹುಡುಗ ತನ್ನ ಆಟ ತಂದಿದ್ದ. ಐದು ನಿಮಿಷ ಏನೂ ಮಾಡಲಾರದ ಸುಮ್ಮನ ನಿಂದರಬೇಕು, ಅಷ್ಟ ಆಟ. ಎಲ್ಲಾರೂ ಚಪ್ಪಾಳಿ ಹೊಡದ್ರು. ಮಾಸ್ತರ ನನ್ನ ಕೇಳಿದ. “ಛಲೋ ಐತಿ. ಧಾರವಾಡದ ಬಸ್ಸಿಗೆ ನಾವಿದನ್ನ ಅರ್ಧಾ ತಾಸು ಆಡತೇವಿ” ಅಂದೆ. ಆ ಹುಡುಗ ಆಮ್ಯಾಲೆ ನನ್ನ ಕಂಡ್ರ ಬ್ಯಾರೆ ಬೆಂಚಿಗೆ ಹೋಗತಿದ್ದ.

ತಿಂಗಳ ಮ್ಯಾಲೆ ತಿಂಗಳ ಆತು. ನಮ್ಮ ಹುಡುಗಿಗೆ ಮಾತ್ರ ಆಟ ಹೊಳೀಲಿಲ್ಲ. ಏನ ಮಾಡಿದ್ರೂ ಆಕಿ ಆಟದಾಗ ಎಲ್ಲಾರೂ ಒಬ್ಬರಿಗೊಬ್ಬರು ಸಹಾಯ ಮಾಡವರ. ಎಲ್ಲಾರೂ ಕೈ ಕೈ ಹಿಡಕೊಂಡು ಬೆಟ್ಟ ಹತ್ತವರ. ನಾ ಹೇಳತಿದ್ದೆ, “ಯಾರರೆ ಒಬ್ಬನ್ನ ತಳ್ಳಸು.” ಆಕಿ, “ಅದು ಸರಿ ಅಲ್ಲ ಅಜ್ಜಿ” ಅನ್ನಾಕಿ. ಪರೀಕ್ಷೆ ಮುಂದ ಬಂದಿತ್ತು. ಆಕಿ ಊಟ ಕಡಿಮಿ ಮಾಡಿದ್ಲು, ಉಗುರು ಕಡಿಯೋದು ಜಾಸ್ತಿ ಮಾಡಿದ್ಲು.

ಅಂಥಾದರಾಗ ನಳಾ ಬರೋ ದಿನ ಬಂತು.

ನಮ್ಮ ಓಣಿಗೆ ಆಗ ಎಂಟು ದಿನಕ್ಕೊಮ್ಮೆ ನೀರು. ಮನಿ ಮನಿಗೆ ನಳಾ ಅದಾವ, ಆದ್ರ ಅವು ಬರೇ ಕೆಮ್ಮತಾವ. ಓಣಿ ಕೆಳಗಿನ ತುದ್ಯಾಗ ಒಂದು ನಳ ಐತಿ, ಅದಕ್ಕ ಜೋರು. ಅಲ್ಲಿ ಪಾಳಿ. ಕೊಡ ಇಟ್ಟ್ರ ಪಾಳಿ ಹಿಡದಂಗ. ಇಟ್ಟು ಮನಿಗೆ ಹೋಗಿ ರೊಟ್ಟಿ ಬಡೀಬಹುದು. ಆದ್ರ ನೀ ಎರಡು ರೊಟ್ಟಿ ಬಡಿಯೋದರೊಳಗ ನಿನ್ನ ಕೊಡ ನಾಕು ಕೊಡದ ಹಿಂದ ಹೋಗಿರತೈತಿ. ಇದಕ್ಕ ನಮ್ಮಲ್ಲಿ ಯಾರೂ ಕಳ್ಳತನ ಅನ್ನೂದಿಲ್ಲ. ಕೈ ಕೊಡದ ಮ್ಯಾಲೆ ಇದ್ದಾಗ ಸಿಕ್ಕಿಬಿದ್ರ ಮಾತ್ರ ಕಳ್ಳಿ, ಆಕಿ ಕೊಡ ಪಾಳಿ ತುದಿಗೆ. ನೋಡಲಾರದ ಸುಳ್ಳ ಹೆಸರು ಹೇಳಿದ್ರ, ಹೇಳಿದಾಕಿ ಕೊಡ ತುದಿಗೆ. ಯಾರೂ ಬರದಿಟ್ಟಿಲ್ಲ. ಓಣ್ಯಾಗ ಹುಟ್ಟಿದ ಕೂಸಿಗೂ ಗೊತ್ತೈತಿ.

ಅವತ್ತು ಹಿಟ್ಟಿನ ಗಿರಣಿಯಾಕಿ ಕೊಡ ನಮ್ಮದರ ಮುಂದಿತ್ತು. ಆಕಿ ಗಿರಣಿ ಬಂದ್ ಮಾಡಾಕ ಹೋದ್ಲು. ನಾ ಕೈ ಹಾಕಿದೆ. ಹಿಂದಿನಿಂದ ನಮ್ಮ ಹುಡುಗಿ, ಓಣಿಗೆಲ್ಲಾ ಕೇಳೋ ಹಂಗ, “ಅಜ್ಜೀ! ಅದು ನಮ್ಮದಲ್ಲ, ಅವರ ಕೊಡ!”

ಒಲಿ ಮುಂದ ಇದ್ದವರೆಲ್ಲಾ ಹೊರಗ ಬಂದ್ರು. ನನ್ನ ಕೈ ಇನ್ನೂ ಕೊಡದ ಕುತ್ತಿಗಿ ಮ್ಯಾಲೆ.

“ಸಿಕ್ಕ್ಯಾ, ಮುದುಕಿ!” ಅಂತ ಗಿರಣಿಯಾಕಿ ಅಲ್ಲಿಂದ ಓಡಿ ಬಂದ್ಲು. ಹಿಟ್ಟು ಬಡಕೊಂಡ ಮಾರಿ, ದೆವ್ವದಂಗ. “ಎಷ್ಟು ವರ್ಷದ ಮ್ಯಾಲೆ ಸಿಕ್ಕೀದಿ! ಯುನಿವರ್ಸಿಟ್ಯಾಗ ಇದನ್ನ ಕಲಸತಾರೇನು?”

“ನಿನಗ ಕಲಿಸಿದಾಕಿ ನಾನ ಅಲ್ಲೇನ?” ಅಂದೆ. ಏನ ಅಂದ್ರ ಏನ ಬಂತು? ನಮ್ಮ ಮೂರೂ ಕೊಡ ತುದಿಗೆ ಹೋದುವು. ನಮ್ಮ ಪಾಳಿ ಬರೋದರೊಳಗ ನೀರು ಹೋತು. ಒಂದೂವರಿ ಕೊಡ ಸಿಕ್ತು. ಆ ವಾರ ಹುಡುಗಿಗೆ ಜಳಕಕ್ಕ ದಿನಾ ಎರಡು ತಂಬಿಗಿ ಕೊಟ್ಟೆ. ಸತ್ಯ ಹೇಳಿದವರಿಗೆ ಅಷ್ಟು ಸಾಕು.

ಅವತ್ತು ಮಧ್ಯಾಹ್ನ ಆಕಿ ಎಣ್ಣಿ ಹಚ್ಚಲಾರದ ತಲಿ ಕೆರಕೋತ ಬಂದು ಕೇಳಿದ್ಲು, “ಅಜ್ಜಿ, ಇಷ್ಟು ಜಗಳ ಆದ್ಮೇಲೂ ಇವರೆಲ್ಲ ಮುಂದಿನ ವಾರ ಮತ್ತೆ ಬರ್ತಾರಾ?”

“ಬರಲಾರದ? ನೀರು ಬ್ಯಾಡೇನು?”

“ನೀರಿಗೆ ಅಂತ ಅಷ್ಟೇ ಬರ್ತಾರಾ?”

ಹೌದು ಅನ್ನಾಕ ಬಾಯಿ ತಗದೆ. ಆಮ್ಯಾಲೆ ನೆನಪಾತು. “ಗಿರಣಿಯಾಕಿ ಮನ್ಯಾಗ ಬೋರ್ ಐತಿ. ಇಪ್ಪತ್ನಾಕ ತಾಸೂ ನೀರು. ಆದ್ರೂ ಆಕಿ ಕೊಡ ತಪ್ಪಿಲ್ಲ.”

ಹುಡುಗಿ ಚಾಳೀಸು ತಗದು ಒರಸಿದ್ಲು. ಮತ್ತ ಹಾಕ್ಕೊಂಡ್ಲು. ಓಡಿ ಒಳಗ ಹೋಗಿ ಪುಸ್ತಕ ತಂದ್ಲು. “ಎಲ್ಲಾ ರೂಲ್ಸ್ ಹೇಳಿ ಅಜ್ಜಿ. ಮೊದಲಿಂದ.”

ಹಿಂಗ ಆ ಆಟ ಹುಟ್ಟಿತು. ಕುಂಬಾರನ ಕಡೆ ಮುಷ್ಟಿಯಷ್ಟ ಆರು ಮಣ್ಣಿನ ಕೊಡ ಮಾಡಸಿದಿವಿ. ಒಂದೊಂದಕ್ಕ ಒಂದೊಂದು ಬಣ್ಣ. ಒಂದು ಕಟ್ಟಿಗಿ ಮಣಿ ಮ್ಯಾಲೆ ಅವನ್ನ ಸಾಲಿಗೆ ಇಡೋದು, ಸಾಲಿನ ಮುಂದ ಸಣ್ಣ ನಳದ ಡಬ್ಬಿ. ಮಾಸ್ತರ ಒಂದು ಗಡಿಯಾರ ಜೋಡಿಸಿ ಕೊಟ್ಟ, ಅದು ಯಾವಾಗ ಬಾರಸತೈತಿ ಅನ್ನೋದು ಅದಕ್ಕೂ ಗೊತ್ತಿರತಿದ್ದಿಲ್ಲ. ಬಾರಿಸಿದಾಗ ಮುಂದಿದ್ದ ಕೊಡಕ್ಕ ಒಂದು ಚಮಚಿ ನೀರು, ತುಂಬಿಸಿಕೊಂಡ ಕೊಡ ಹಿಂದಕ್ಕ. ನಡುವ ಎಲ್ಲಾರೂ ಪಾಳಿ ಪ್ರಕಾರ ಒಂದೊಂದು ಚೀಟಿ ಎತ್ತಬೇಕು. ‘ಹಾಲು ಉಕ್ಕಿತು’, ‘ಬೀಗರು ಬಂದ್ರು’, ‘ಬೆಕ್ಕು ಒಳಗ ಹೊಕ್ಕಿತು’ ಅಂತ ಚೀಟಿ. ಎತ್ತಿದವರು ಬೆನ್ನು ತಿರುಗಿಸಿ ಹತ್ತು ಎಣಿಸಬೇಕು. ಆ ಹತ್ತರೊಳಗ ಉಳದವರು ಏನರೆ ಮಾಡಿಕೊಳ್ಳಲಿ. ತಿರುಗಿದಾಗ ಕೈ ಕೊಡದ ಮ್ಯಾಲೆ ಇದ್ದು ಸಿಕ್ಕವರ ಕೊಡ ತುದಿಗೆ, ಸುಳ್ಳ ಆರೋಪ ಮಾಡಿದವರ ಕೊಡಾನೂ ತುದಿಗೆ. ಡಬ್ಬಿ ಖಾಲಿ ಆದಾಗ ಯಾರ ಕೊಡದಾಗ ನೀರು ಜಾಸ್ತಿ, ಅವರು ಗೆದ್ದಂಗ.

ಓಣ್ಯಾಗ ಆಡಿಸಿ ನೋಡಿದಿವಿ. ನಮ್ಮ ಕಟ್ಟಿ ಮ್ಯಾಲೆ ಆರು ಮಂದಿ ಹೆಂಗಸರು ಕುಂತವರು ಹನ್ನೊಂದು ಆಟ ಆಡಿದ್ರು. ಎರಡು ಮನ್ಯಾಗ ಪಲ್ಯ ಹೊತ್ತಿತು. ಗಿರಣಿಯಾಕಿ ನನ್ನ ಜೋಡಿ ಎರಡು ದಿನ ಮಾತು ಬಿಟ್ಲು. ಮೂರನೇ ದಿನ ಬಂದು, “ಆ ಮಣಿ ತಗೀ” ಅಂದ್ಲು.

ನಾ ಹುಡುಗಿಗೆ ಹೇಳಿದೆ, “ನೀ ಪಾಸ್ ಆದಂಗ ತಿಳಕೋ.”

ಪರೀಕ್ಷೆ ದಿನ ಮಾಸ್ತರ ಬಾಗಲದಾಗ ನಮ್ಮಿಬ್ಬರನ್ನ ನಿಲ್ಲಿಸಿ ಹೇಳಿದ, “ಆಟ ಚಾಲೂ ಆದ ಮ್ಯಾಲೆ ಕಟ್ಟಿದವರು ಮಾತಾಡಬಾರದು, ಏನೂ ಮುಟ್ಟಬಾರದು. ಗೋಡಿಗೆ ಹತ್ತಿ ಕುಂಡರಬೇಕು. ಅಜ್ಜಿ, ನಿಮಗೂ ಹೇಳಾಕತ್ತೇನ್ರಿ.”

“ಕಿವಿ ಅದಾವ ನನಗ” ಅಂದೆ.

ಆಡಾಕ ಬಂದ ಆರು ಮಂದಿಯೊಳಗ ಇಬ್ಬರನ್ನ ಹೇಳಿದ್ರ ಸಾಕು. ಒಬ್ಬರು ಧಾರವಾಡದ ಅಕ್ಕೋರು, ಸಾಲಿ ಕಲಿಸಿ ರಿಟೈರ್ ಆದವರು. ಮಡಿಕಿ ಮುರೀಲಾರದ ಸೀರಿ, ಬೆಳ್ಳನ ತುರುಬು. ಇನ್ನೊಬ್ಬರು ಕೋಟಿನ ಸಾಹೇಬ್ರು, ಕಿಸೇದಾಗ ಮೂರು ಪೆನ್ನು. ಉಳದ ನಾಕು ಮಂದೀನೂ ಅದ ಜಾತಿ, ಕೆಮ್ಮಬೇಕಾದ್ರೂ ‘ಕ್ಷಮಿಸ್ರಿ’ ಅಂತ ಕೇಳಿ ಕೆಮ್ಮವರು.

ಹುಡುಗಿ ಕಾಯ್ದೆ ಓದಿ ಹೇಳಿ ಬಂದು ನನ್ನ ಬಾಜೂ ಕುಂತ್ಲು. ಆಟ ಚಾಲೂ ಆತು.

ಕೋಟಿನ ಸಾಹೇಬ್ರು ಚೀಟಿ ಎತ್ತಿ, “ಹಾಲು ಉಕ್ಕಿದೆಯಂತ್ರಿ” ಅಂತ ಬೆನ್ನು ತಿರುಗಿಸಿ ಎಣಿಸಾಕತ್ತಿದ್ರು. ಉಳದ ಐದು ಮಂದಿ ಕೈ ಕಟ್ಟಿಕೊಂಡು ಕುಂತ್ರು. ಒಬ್ಬರ ಕೈನೂ ಅಳ್ಳಾಡಲಿಲ್ಲ. ಹತ್ತು ಆತು. ಸಾಹೇಬ್ರು ತಿರುಗಿದ್ರು. ಅವರ ಕೊಡ ಎಲ್ಲಿತ್ತೋ ಅಲ್ಲೇ ಐತಿ.

“ಯಾರೂ ಮುಟ್ಟಲಿಲ್ಲೇನ್ರಿ?”

“ನಿಮ್ಮ ಕೊಡ ನಾವು ಹೆಂಗ ಮುಟ್ಟೋದ್ರಿ?” ಅಂದ್ರು ಅಕ್ಕೋರು.

ಮುಂದ ಗಡಿಯಾರ ಬಾರಿಸ್ತು. ಅಕ್ಕೋರ ಕೊಡ ಎಲ್ಲಾರಕಿಂತ ಮುಂದಿತ್ತು. ಅಕ್ಕೋರು ಏನ ಮಾಡಿದ್ರಂತೀರಿ? “ಸಾಹೇಬ್ರ, ನೀವು ಹಿರಿಯರಿದ್ದೀರಿ, ಮೊದಲ ನೀವು ತುಂಬಿಸ್ಕೋರಿ” ಅಂದ್ರು. “ಛೇ ಛೇ, ನಿಮ್ಮ ಪಾಳಿ ಅದ, ನೀವ ತುಂಬಿಸ್ಕೋರಿ” ಅಂದ್ರು ಸಾಹೇಬ್ರು. “ನನಗೇನ ಅವಸರ ಇಲ್ರಿ.” “ನನಗೂ ಇಲ್ರಿ.” ಇಬ್ಬರೂ ತಮ್ಮ ತಮ್ಮ ಕೊಡ ಹಿಂದ ಹಿಂದ ಸರಿಸಿದ್ರು. ಉಳದವರೂ ಸರಿಸಿದ್ರು. ಕದಿಯೋ ಆಟದಾಗ ದಾನಾ ಮಾಡಾಕತ್ತಿದ್ರು! ನಳದ ಕೆಳಗ ಒಂದು ಕೊಡಾನೂ ಉಳೀಲಿಲ್ಲ, ಚಮಚಿ ನೀರು ಮಣಿ ಮ್ಯಾಲೆ ಬಿತ್ತು. ಅಕ್ಕೋರು ಅದನ್ನ ಕರ್ಚೀಪಿನಿಂದ ಒರಸಿದ್ರು.

ಧಾರವಾಡದ ಮರ್ಯಾದಿ ಬಗ್ಗೆ ನಾ ಹುಟ್ಟಿದಾಗಿಂದ ಕೇಳೇನಿ. ಅದು ಹಿಂಗ ಜೀವ ತಗೀತೈತಿ ಅಂತ ಗೊತ್ತಿರಲಿಲ್ಲ.

ಅರ್ಧ ಡಬ್ಬಿ ಖಾಲಿ ಆತು. ಒಬ್ಬಾಕಿ ಆಕಳಿಸಿದ್ಲು, ಮತ್ತ ‘ಕ್ಷಮಿಸ್ರಿ’ ಅಂದ್ಲು. ಸಾಹೇಬ್ರು ಕೈಗಡಿಯಾರ ನೋಡಿದ್ರು. ಆಟ ಮುಗಿಯೋದನ್ನ ಎಲ್ಲಾರೂ ಕಾಯಾಕತ್ತಿದ್ರು. ನಾ ಬಾಜೂ ನೋಡಿದೆ. ಹುಡುಗಿ ಉಗುರು ಕಡಿಯೋದನ್ನೂ ಬಿಟ್ಟಿದ್ಲು. ಎರಡೂ ಕೈ ತೊಡಿ ಕೆಳಗ ಇಟ್ಟುಕೊಂಡು, ಗೋಡಿ ಮ್ಯಾಲಿನ ಸ್ವಿಚ್ಚು ನೋಡಾಕತ್ತಿದ್ಲು. ಚೀಲ ಆಗಲೇ ತುಂಬಿಸಿ ಕಾಲ ಹತ್ರ ಇಟ್ಟುಕೊಂಡಿದ್ಲು.

ಮಾಸ್ತರ ತಲಿ ಬಗ್ಗಿಸಿ ಏನೋ ಬರಿಯಾಕತ್ತಿದ್ದ. ಅಕ್ಕೋರು ‘ಬೆಕ್ಕು ಒಳಗ ಹೊಕ್ಕಿತು’ ಚೀಟಿ ಎತ್ತಿ ಬೆನ್ನು ತಿರುಗಿಸಿದ್ರು.

ನಾ ಎದ್ದೆ. ಮರತು ಎದ್ದೆ ಅಂತ ಆಮ್ಯಾಲೆ ಎಲ್ಲಾರ ಮುಂದೂ ಹೇಳೇನಿ. ಮರತಿರಲಿಲ್ಲ. ನಾಕು ಹೆಜ್ಜಿ ಹೋಗಿ, ಅಕ್ಕೋರ ಹಸರ ಕೊಡ ಸಾಲಿನ ಮುಂದಿನಿಂದ ಎತ್ತಿ ತುದಿಗೆ ಇಟ್ಟು, ಬಂದು ಕುಂತೆ. ಉಳದ ಐದು ಮಂದಿ ಬಾಯಿ ತಗದು ನೋಡಿದ್ರು. ನಾ ತುಟಿ ಮ್ಯಾಲೆ ಬೆರಳು ಇಟ್ಟೆ. ಯಾರೂ ತುಟಿ ಬಿಚ್ಚಲಿಲ್ಲ. ಒಬ್ಬಾಕಿಗಂತೂ ನಗಿ ತಡಕೊಂಡು ಕಣ್ಣಾಗ ನೀರು ಬಂತು.

ಅಕ್ಕೋರು ತಿರುಗಿದ್ರು. ನೋಡಿದ್ರು. ಮತ್ತ ನೋಡಿದ್ರು.

“ನನ್ನ ಕೊಡ ಎಲ್ಲದ?”

ಕೋಟಿನ ಸಾಹೇಬ್ರ ಮೂಗಿನಿಂದ ಒಂದು ಸಪ್ಪಳಾ ಬಂತು.

“ನೀವ!” ಅಂದ್ರು ಅಕ್ಕೋರು.

“ನಾನಲ್ರಿ! ದೇವರಾಣಿ, ನಾನಲ್ರಿ!”

“ಮತ್ತ ನಗ್ಲಿಕ್ಕೆ ಏನದ?”

ಸುಳ್ಳ ಆರೋಪ. ಕೊಡ ತುದಿಗೆ ಹೋಗಬೇಕು, ಅದು ಆಗಲೇ ತುದ್ಯಾಗ ಐತಿ. ಅಕ್ಕೋರು ಸುಮ್ಮನ ಕುಂತ್ರು. ಆದ್ರ ಅವರ ಕಣ್ಣು ಸುಮ್ಮನಿರಲಿಲ್ಲ. ಮೂವತ್ತು ವರ್ಷ ಹುಡುಗರ ಕಾಪಿ ಹಿಡದ ಕಣ್ಣು ಅವು. ಸಾಹೇಬ್ರ ಪಾಳಿ ಬಂದು ಅವರು ಬೆನ್ನು ತಿರುಗಿಸಿದ್ದ ತಡ, ಅಕ್ಕೋರು ಅವರ ಕೊಡ ಎತ್ತಿ ತಮ್ಮ ಸೆರಗಿನಾಗ ಕಟ್ಟಿಕೊಂಡುಬಿಟ್ರು. ನಮ್ಮ ಓಣ್ಯಾಗ ಸೈತ ಯಾರೂ ಇಷ್ಟು ಮಾಡಿಲ್ಲ.

“ಎಂಟು, ಒಂಬತ್ತು, ಹತ್ತು... ಅರೇ! ನನ್ನ ಕೊಡನ ಇಲ್ಲಲ್ರಿ!”

“ಬೆಕ್ಕು ಒಯ್ದಿರಬೇಕ್ರಿ” ಅಂದ್ರು ಅಕ್ಕೋರು.

ಅಲ್ಲಿಂದ ಆ ಕೋಣಿ ಕೋಣಿಯಾಗಿ ಉಳೀಲಿಲ್ಲ. ಆಕಳಿಸಿದಾಕಿ ಎರಡು ಕೊಡ ಒಮ್ಮೆಲೇ ಸರಿಸಾಕತ್ತಿದ್ಲು. ಸಾಹೇಬ್ರು ಕೋಟು ತಗದು ಕುರ್ಚಿಗೆ ಹಾಕಿದ್ರು. “ಏ, ಹಿಡದೆ, ಹಿಡದೆ!” “ಎಲ್ಲಿ ಹಿಡದ್ರಿ, ಕೈ ಕೊಡದ ಮ್ಯಾಲಿಲ್ಲ!” ಡಬ್ಬಿ ಖಾಲಿ ಆದಾಗ ಗೆದ್ದವರು ಯಾರು ಅಂತ ಯಾರೂ ನೋಡಲಿಲ್ಲ. ಅಕ್ಕೋರು ಮೊಳಕೈ ಮಟ ಬಳಿ ಏರಿಸಿ, “ಡಬ್ಬಿ ತುಂಬಸ್ರಿ! ಇನ್ನೊಂದು! ಯಾರೂ ಏಳಬ್ಯಾಡ್ರಿ!” ಅಂದ್ರು.

ಇನ್ನೊಂದಾಟ. ಯಾರೂ ಹೇಳಲಾರದ. ಪಾಸ್.

ನಾ ಹುಡುಗಿ ಮಗ್ಗಲಾಗ ತಿವಿದೆ. ಆಕಿ ಎದ್ದು ನಿಂತಿದ್ಲು. “ಸರ್,” ಅಂದ್ಲು, “ನಮ್ಮ ಅಜ್ಜಿ ಒಂದು ಕೊಡ ಮುಟ್ಟಿದ್ರು.”

ಆ ಕ್ಷಣ ಆಕಿನ್ನ ಉಣಕಲ್ಲ ಕೆರಿಗೆ ಒಗದು ಬರಬೇಕು ಅನಿಸ್ತು.

ಮಾಸ್ತರ ಪೆನ್ನು ಇಟ್ಟ. “ಖರೇ ಏನ್ರಿ ಅಜ್ಜಿ?”

“ನಾನೆಲ್ಲಿ ಮುಟ್ಟೇನಿ? ಮೊಣಕಾಲು ಹಿಡದಾವ, ಎದ್ದು ನಿಂದರಾಕ ಬರೂದಿಲ್ಲ ನನಗ. ಕುಂತವರನ್ನ ಕೇಳು.”

ಮಾಸ್ತರ ಕೇಳಿದ. ಕೋಟಿನ ಸಾಹೇಬ್ರು ಛತ್ತು ನೋಡಿದ್ರು. “ನಾ ಏನೂ ನೋಡಿಲ್ರಿ.” ಆಕಳಿಸಿದಾಕಿ, “ನನಗ ಚಾಳೀಸು ಬದಲಿ ಮಾಡಬೇಕಾಗೇದ್ರಿ, ದೂರಿಂದು ಕಾಣಿಸಂಗಿಲ್ಲ” ಅಂದ್ಲು. ಐದೂ ಮಂದಿ ದೊಡ್ಡ ಮನಿತನದವರು, ನನ್ನ ಸಲುವಾಗಿ ಚಂದಗೆ ಸುಳ್ಳು ಹೇಳಿದ್ರು.

“ಅವರೆಲ್ಲ ನೋಡಿದ್ರು ಸರ್,” ಅಂದ್ಲು ಹುಡುಗಿ. “ಅಜ್ಜಿ ಮುಟ್ಟಿದಮೇಲೇನೇ ಆಟ ಶುರುವಾಗಿದ್ದು. ಅದಕ್ಕೆ ಮುಂಚೆ ಯಾರೂ ಆಡ್ತಿರಲಿಲ್ಲ.”

“ಹಂಗಾರ ಆ ಆಟ ಲೆಕ್ಕಕ್ಕ ಹಿಡಿಯೂದಿಲ್ಲ” ಅಂದ ಮಾಸ್ತರ. “ಈಗ ಆಡೋದ ಮೊದಲನೇ ಆಟ. ಇದು ಮುಗದ ಮ್ಯಾಲೆ ಇನ್ನೊಂದಕ್ಕ ಕುಂತ್ರ ಮಾತ್ರ ಪಾಸ್. ಅಜ್ಜಿ, ನೀವು ಹೊರಗ ನಡೀರಿ.”

ಅಕ್ಕೋರು ನನ್ನ ದಿಟ್ಟಿಸಿ ನೋಡಿದ್ರು. ಕೊಡ ಕದ್ದಾಕಿ ಯಾರು ಅಂತ ಅವರಿಗೆ ಆಗ ತಿಳೀತು. “ಮೊದಲ ಆಕಿನ್ನ ಹೊರಗ ಹಾಕ್ರಿ,” ಅಂದ್ರು. “ಕೊಡ ಎತ್ತಿ ತುದಿಗೆ ಇಡ್ತಾಳ. ನಾ ಸುಳ್ಳ ಸಾಹೇಬರನ್ನ ಅಂದೆ.”

“ಅಂದದ್ದ ಅಂದ್ರಿ” ಅಂದ್ರು ಸಾಹೇಬ್ರು. “ನನ್ನ ಕೊಡ ಸೆರಗಿನಾಗ ಕಟ್ಟಿದವರು ಯಾರ್ರೀ?”

ಬಾಗಲಾ ಹಾಕಿದ್ರು. ಹೊರಗ ಕುಡಿಯೋ ನೀರಿನ ಮಷೀನಿನ ಬಾಜೂ ಒಂದು ಬೆಂಚಿತ್ತು. ಕುಂತೆ. ಒಳಗಿಂದು ಏನೂ ಕಾಣೂದಿಲ್ಲ, ಬರೇ ಕೇಳತೈತಿ. ಗದ್ದಲ ನಡದಿತ್ತು. ಗಡಿಯಾರ ಬಾರಿಸ್ತು. ಯಾರೋ ಬೈದ್ರು, ಯಾರೋ ನಕ್ರು. ಆಮ್ಯಾಲೆ ಒಮ್ಮೆಲೇ ಎಲ್ಲಾ ಸುಮ್ಮನಾತು.

ಡಬ್ಬಿ ಖಾಲಿ ಆತು ಅಂತ ತಿಳಕೊಂಡೆ. ಸಪ್ಪಳಾ ಇಲ್ಲ. ಕುರ್ಚಿ ಸರದ ಸಪ್ಪಳಾತು. ಯಾರೋ ಎದ್ರು. ಬಾಗಲಾ ತಗೀತು. ಸಾಹೇಬ್ರು ಹೊರಗ ಬಂದ್ರು.

ಮುಗೀತು, ಅಂದೆ ಮನಸಿನಾಗ. ಒಬ್ಬ ಎದ್ದ ಮ್ಯಾಲೆ ಉಳದವರು ಯಾಕ ಕುಂಡರತಾರ? ಹುಡುಗಿ ಗಂಟು ಮೂಟಿ ಕಟ್ಟೋದಷ್ಟ ಬಾಕಿ.

ಸಾಹೇಬ್ರು ಬಾಗಲದಾಗ ನಿಂತು ಒಳಗ ಹೊಳ್ಳಿ ನೋಡಿ ಒದರಿದ್ರು, “ಸಂಡಾಸಕ್ಕ ಹೋಗಿ ಬರ್ತೇನ್ರಿ! ನಾ ಬರೋತನಕ ನನ್ನ ಕೊಡ ಅಳ್ಳಾಡಿದ್ರ ನೋಡ್ರಿ ಮತ್ತ!”

“ಲಗೂ ಬರ್ರಿ,” ಅಂತ ಅಕ್ಕೋರ ದನಿ, “ಮೂರನೇ ಆಟಕ್ಕ ತಡಾ ಆಗ್ತದ!”

ಸಾಹೇಬ್ರು ನನ್ನ ಮುಂದ ಓಡಿಕೋತ ಹೋದ್ರು. ಆ ವಯಸ್ಸಿನ ಮನಷ್ಯಾ ಹಂಗ ಓಡೋದನ್ನ ನಾ ನೋಡಿರಲಿಲ್ಲ. ಹೋದಕಿಂತ ಜೋರಿಲೆ ವಾಪಸ್ ಓಡಿ ಬಂದ್ರು. ಕೈ ತೊಳಕೊಂಡಿರಲಿಲ್ಲ, ಬಾಜಿ ಕಟ್ಟತೇನಿ.

ಮಾಸ್ತರ ಹೇಳಿದ ಲೆಕ್ಕದಾಗ ಎರಡನೇ ಆಟಾನೂ ಮುಗದಿತ್ತಂತ, ನಾ ಒಂದ ಮುಗದೈತಿ ಅಂತ ತಿಳಕೊಂಡಿದ್ದೆ. ಮುಂದ ಇನ್ನೂ ಮೂರಾಟ ಆಡಿದ್ರು. ಬ್ಯಾರೆ ಹುಡುಗರ ಪರೀಕ್ಷೆಗೆ ಕೋಣಿ ಬೇಕಂತ ಮಾಸ್ತರ ಕೈ ಮುಗದು ಎಬ್ಬಿಸಬೇಕಾತು.

ಹುಡುಗಿ ಒಂದು ಕಾಗದ ಹಿಡಕೊಂಡು ಹೊರಗ ಬಂದ್ಲು. ಹಲ್ಲಿನ ತಂತಿ ಪೂರಾ ಕಾಣತಿತ್ತು.

“ಪಾಸ್ ಅಜ್ಜಿ!”

“ಆತಲ್ಲ. ನಡಿ, ಬಸ್ ತಪ್ಪತೈತಿ.”

ಆಕಿ ಅಲ್ಲೇ ನಿಂತ್ಲು. ಕಾಗದ ಮಡಚಿದ್ಲು, ಬಿಚ್ಚಿದ್ಲು. “ಅಜ್ಜಿ, ಜೊತೆಗಾರರಿಗೂ ಬೇರೆ ರಿಸಲ್ಟ್ ಇರುತ್ತೆ. ಕೆಳಗಡೆ.”

“ಓದು.”

“ನೀವು ಫೇ...” ಅಂದ್ಲು. ಚಾಳೀಸು ಮ್ಯಾಲೆ ಸರಿಸಿದ್ಲು. “ನೀವು ಫೇಲ್. ನಿಯಮ ಮುರಿದದ್ದಕ್ಕೆ.”

“ನೀ ಹೇಳಿದ್ದಕ್ಕ.”

“ನೀವು ಮುಟ್ಟಿದ್ದಕ್ಕೆ ಅಜ್ಜಿ.”

ಬಸ್ ಹತ್ತಿದಿವಿ. ನಾ ಕಿಟಕಿ ಕಡೆ, ಆಕಿ ದಾರಿ ಕಡೆ. ಉಣಕಲ್ಲಿನ ಸ್ಟಾಪ್ ಬರೋದರೊಳಗ ಆಕಿ ಒಂದ ಮಾತು ಕೇಳಿದ್ಲು, “ಸಿಟ್ಟಾ ಅಜ್ಜಿ?” ನಾ, “ಹೌದು” ಅಂದೆ. ಸಿಟ್ಟು ಬಂದಿತ್ತು, ಬಂದಿಲ್ಲ ಅಂತ ಯಾಕ ಹೇಳಲಿ? ಆಕಿ ಪಾಸ್ ಆಗಿದ್ದು ಛಲೋನ ಆತು. ಆದ್ರ ಐದು ಮಂದಿ ಸುಳ್ಳು ಹೇಳಿದವರು ಮನಿಗೆ ಹೋಗಿ ಚಹಾ ಕುಡದ್ರು, ಸೆರಗಿನಾಗ ಕೊಡ ಕಟ್ಟಿದಾಕಿನ್ನ ಯಾರೂ ಕೇಳಲಿಲ್ಲ, ನಾಪಾಸ್ ಆದಾಕಿ ನಾ ಒಬ್ಬಾಕಿ. ಸಂಜೀಕ ಗಿರಣಿಯಾಕಿ ಬಂದು ಕಟ್ಟಿ ಮ್ಯಾಲೆ ಕುಂತು, “ಏನಾತು?” ಅಂದ್ಲು. “ಹುಡುಗಿ ಪಾಸ್” ಅಂದೆ. “ಮತ್ತ ನೀ?” “ನಂದು ಇನ್ನೂ ಬಂದಿಲ್ಲ.” ಒಳಗಿಂದ ಹುಡುಗಿ ಬಾಯಿ ತಗದ್ಲು. ಆಕಿ ಕಡೆ ಒಂದು ನೋಟ ನೋಡಿದೆ. ಆಕಿ ಬಾಯಿ ಮುಚ್ಚಿಕೊಂಡ್ಲು. ನಾಕು ತಿಂಗಳಿನಾಗ ನಾ ಆಕಿಗೆ ಕಲಿಸಿದ್ದು ಅಷ್ಟ.

ಮರುದಿನ ಮುಂಜಾನೆ ಹುಡುಗಿ ಏಳೋಕಿಂತ ಮೊದಲು ಜಳಕಾ ಮಾಡಿ, ಇಳಕಲ್ ಸೀರಿ ಉಟ್ಟು, ಒಬ್ಬಾಕಿನ ಬಸ್ ಹತ್ತಿ ಯುನಿವರ್ಸಿಟಿ ಆಫೀಸಿಗೆ ಹೋದೆ. ಕಿಟಕಿ ಆಗಷ್ಟ ತಗದಿತ್ತು. ಮರುಪರೀಕ್ಷೆಯ ಅರ್ಜಿ ಕೊಡ್ರಿ ಅಂದೆ. ಗುಮಾಸ್ತ, “ಯಾರಿಗೆ ಅಜ್ಜಿ, ಮೊಮ್ಮಗಳಿಗೇನ್ರಿ?” ಅಂದ. “ನನಗ” ಅಂದೆ. ಜೊತೆಗಾರರಿಗೆ ಮರುಪರೀಕ್ಷೆ ಇಲ್ಲ ಅಂದ. ನಾಪಾಸ್ ಐತಿ ಅಂದ ಮ್ಯಾಲೆ ಮರುಪರೀಕ್ಷೆನೂ ಇರಬೇಕಲ್ಲ ಅಂದೆ. ಆಂವ ಒಳಗ ಹೋಗಿ ಯಾರನ್ನೋ ಕೇಳಿ ಬಂದು ಒಂದು ಅರ್ಜಿ ಕೊಟ್ಟ. ಕಿಟಕಿ ಕಟ್ಟಿ ಮ್ಯಾಲೆ ಇಟ್ಟು ಬರಿಯಾಕತ್ತಿದೆ. ನನ್ನ ಹೆಸರಿನಾಗ ಎರಡು ಒತ್ತಕ್ಷರ ಅದಾವ. ಹಿಂದ ನಿಂತ ಹುಡುಗರು, “ಲಗೂ ಅಜ್ಜಿ” ಅಂದ್ರು.

“ನಿಂದರ್ರಿ,” ಅಂದೆ, ಬರದೆ.